ಪಕ್ಷದ ಸದಸ್ಯತ್ವ, ಬೂತ್ ಕೆಲಸ: ಸೇರಿದವರಿಗೆ ಸಿಗುವುದೇನು, ಸಿಗದಿರುವುದೇನು

ಸಂತೆಯ ಬಾಗಿಲಲ್ಲೋ ಬಸ್ ನಿಲ್ದಾಣದ ಪಕ್ಕದಲ್ಲೋ ಮೇಜು ಹಾಕಿ 'ಸದಸ್ಯತ್ವ ಅಭಿಯಾನ' ಎಂದು ಬ್ಯಾನರ್ ಕಟ್ಟಿರುತ್ತಾರೆ. ಮೊಬೈಲ್ ನಂಬರ್ ಹೇಳಿದರೆ ಒಂದು ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ನೀವು ಪಕ್ಷದವರು. ಈ ವಿಮರ್ಶೆ ಕರ್ನಾಟಕದ ಪಕ್ಷಗಳು ಸಾಮಾನ್ಯ ಜನರಿಗೆ ಕೊಡುವ ಈ ಸದಸ್ಯತ್ವದ ಬಗ್ಗೆ, ಅದರ ಬೆನ್ನಿಗೇ ಬರುವ ಬೂತ್ ಕೆಲಸದ ಬಗ್ಗೆ. ಸಿದ್ಧಾಂತ ಯಾವುದು ಸರಿ ಎಂಬ ಚರ್ಚೆ ಇಲ್ಲಿಲ್ಲ. ಸಮಯ, ಪೆಟ್ರೋಲು, ಮಾತು, ಮರ್ಯಾದೆ ಎಲ್ಲ ಹಾಕಿದ ಮೇಲೆ ಕೈಗೆ ಬರುವುದೇನು ಎಂಬುದಷ್ಟೇ ಪ್ರಶ್ನೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮತದಾರರ ಪಟ್ಟಿ ಪರಿಶೀಲನೆ, ಮತಗಟ್ಟೆಯೊಳಗಿನ ಏಜೆಂಟ್ ಕೆಲಸ, ಇವೆರಡೂ ನಿಜಕ್ಕೂ ಬೆಲೆಯುಳ್ಳ ಕೆಲಸ. ಯಾವ ಪಕ್ಷದಿಂದಾದರೂ ಸರಿ, ಕಲಿತು ಮಾಡಿ. ಸದಸ್ಯನಾದರೆ ಅಭ್ಯರ್ಥಿ ಆಯ್ಕೆಯಲ್ಲಿ, ಪಕ್ಷದ ತೀರ್ಮಾನದಲ್ಲಿ ನಿಮ್ಮ ದನಿಗೆ ಜಾಗವಿರುತ್ತದೆ ಎಂದು ನಂಬಿ ಸೇರುವುದಾದರೆ ಬೇಡ. ಹತ್ತು ವರ್ಷ ಬಾವುಟ ಕಟ್ಟಿದವರು ಮನೆಯಲ್ಲಿ ಕೂತುಬಿಡುವುದು ಈ ಎರಡನೆಯದನ್ನು ನಂಬಿ ಹೋದದ್ದರಿಂದಲೇ.

ಸೇರುವುದು

ಸೇರುವ ದಾರಿ ಅತ್ಯಂತ ಸಲೀಸು. ಬಿಜೆಪಿ 2014ರಿಂದ ಮಿಸ್ಡ್ ಕಾಲ್ ಪದ್ಧತಿ ತಂದಿತು. 2024ರ ಸೆಪ್ಟೆಂಬರ್ 2ರಂದು ಶುರುವಾದ ಅಭಿಯಾನದಲ್ಲೂ ಅದೇ ದಾರಿ, ಜೊತೆಗೆ ಕ್ಯೂಆರ್ ಕೋಡ್. ಕರೆ ಕೊಟ್ಟ ಮೇಲೆ ಬರುವ ಕೊಂಡಿಯಲ್ಲಿ ಹೆಸರು, ವಿಳಾಸ, ಕ್ಷೇತ್ರ ತುಂಬಬೇಕು. ಬರೀ ಮಿಸ್ಡ್ ಕಾಲ್ ಕೊಟ್ಟು ಬಿಟ್ಟವರು ಅರ್ಧ ದಾರಿಯಲ್ಲೇ ನಿಂತಿರುತ್ತಾರೆ, ಅದು ಅವರಿಗೆ ಗೊತ್ತೂ ಇರುವುದಿಲ್ಲ. 'ಸಕ್ರಿಯ ಸದಸ್ಯ' ಆಗಬೇಕೆಂದರೆ ಆ ಅಭಿಯಾನದಲ್ಲಿ 50 ಜನರನ್ನು ನೋಂದಾಯಿಸಬೇಕಿತ್ತು. ಸಂಘಟನೆಯ ಹುದ್ದೆಗಳಿಗೆ ಸಕ್ರಿಯ ಸದಸ್ಯತ್ವ ಬೇಕಾಗುವುದರಿಂದ ಹುದ್ದೆ ಬೇಕಾದವರು ನೆಂಟರು, ಅಂಗಡಿಯವರು, ಶಾಲೆಯ ಹಳೆ ಗೆಳೆಯರು ಎಲ್ಲರ ಫೋನೂ ಕೇಳುತ್ತಾರೆ. ಪಟ್ಟಿ ಉದ್ದವಾಗುತ್ತದೆ, ಸಭೆಗೆ ಕರೆದರೆ ಬರುವವರು ಮಾತ್ರ ಮೊದಲಿದ್ದ ಹತ್ತು ಜನವೇ.

ಕಾಂಗ್ರೆಸ್ 2021ರ ನವೆಂಬರ್ 1ರಿಂದ ಡಿಜಿಟಲ್ ಸದಸ್ಯತ್ವ ನಡೆಸಿತು. ಶುಲ್ಕ 5 ರೂಪಾಯಿ. ನೋಂದಣಿ ಮಾಡುವವರ ಫೋನಿನ ಆ್ಯಪ್‌ನಲ್ಲಿ ನಿಮ್ಮ ಮತದಾರರ ಚೀಟಿ, ಫೋಟೋ, ಓಟಿಪಿ ಹೋಗುತ್ತವೆ. ಯುವ ಕಾಂಗ್ರೆಸ್‌ದು ಬೇರೆಯೇ ಸದಸ್ಯತ್ವ, 50 ರೂಪಾಯಿ, ಪದಾಧಿಕಾರಿಗಳಿಗೆ ಆನ್‌ಲೈನ್ ಮತದಾನವೂ ಉಂಟು. ಎಡಪಕ್ಷಗಳ ಕ್ರಮವೇ ಬೇರೆ: ಸಿಪಿಎಂನಲ್ಲಿ ಒಂದು ವರ್ಷ ಅಭ್ಯರ್ಥಿ ಸದಸ್ಯರಾಗಿರಬೇಕು, ಶಾಖೆಯ ಸಭೆಗೆ ಹೋಗಬೇಕು, ಆದಾಯಕ್ಕೆ ತಕ್ಕಂತೆ ಲೆವಿ ಎಂಬ ವಂತಿಗೆ ಕಟ್ಟಬೇಕು, ಪ್ರತಿ ವರ್ಷ ನವೀಕರಿಸಬೇಕು. ಸೇರುವುದು ಕಷ್ಟ, ಆದರೆ ಸೇರಿದವನನ್ನು ಹೆಸರು ಹಿಡಿದು ಕರೆಯುವ ಒಂದು ಸಭೆ ಅಲ್ಲಿರುತ್ತದೆ. ಬಾಗೇಪಲ್ಲಿಯಂಥ ಕಡೆ ಆ ಪಕ್ಷ ದಶಕಗಳ ಕಾಲ ಬೇರು ಉಳಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಸೇರುವಾಗ ಯಾರೂ ಕೊಡದ ಒಂದು ಕಾಗದವಿದೆ: ಪಕ್ಷದ ಸಂವಿಧಾನ. ಪ್ರತಿ ನೋಂದಾಯಿತ ಪಕ್ಷಕ್ಕೂ ಅದು ಇರಲೇಬೇಕು, 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಂ ಹಾಗೆ ಹೇಳುತ್ತದೆ. ಮಾನ್ಯತೆ ಪಡೆದ ಪಕ್ಷಗಳ ಸಂವಿಧಾನ ಚುನಾವಣಾ ಆಯೋಗದ ಜಾಲತಾಣದಲ್ಲೂ ಸಿಗುತ್ತದೆ. ಓದುವಾಗ ಮೂರು ವಿಷಯ ಹುಡುಕಿ: ಪ್ರಾಥಮಿಕ ಸದಸ್ಯ ಯಾವ ಹುದ್ದೆಗೆ ನೇರವಾಗಿ ಮತ ಹಾಕಬಹುದು, ಅಭ್ಯರ್ಥಿಯನ್ನು ಅಂತಿಮಗೊಳಿಸುವ ಸಮಿತಿ ಯಾವುದು, ಶಿಸ್ತುಕ್ರಮ ಆದರೆ ಮೇಲ್ಮನವಿ ಯಾರಿಗೆ. ಮೊದಲ ಎರಡಕ್ಕೆ ಉತ್ತರ ಸಿಕ್ಕಿದ ಕೂಡಲೇ ನಿಮ್ಮ ಸದಸ್ಯತ್ವದ ತೂಕ ಗೊತ್ತಾಗುತ್ತದೆ.

ದನಿಯ ಲೆಕ್ಕ

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದು ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಗೆದ್ದರು. ಅವರಿಗೆ 7,897, ಶಶಿ ತರೂರರಿಗೆ 1,072. ಅಮಾನ್ಯವೂ ಸೇರಿ ಬಿದ್ದ ಒಟ್ಟು ಮತ 9,385. ಇಷ್ಟಾದರೂ ನಡೆಯಿತಲ್ಲ ಎಂಬುದು ದೊಡ್ಡದೇ, ಬೇರೆ ಪಕ್ಷಗಳಲ್ಲಿ ಅಷ್ಟೂ ಕಾಣುವುದಿಲ್ಲ. ಆದರೆ ಮತ ಹಾಕಿದವರು ಪ್ರದೇಶ (ರಾಜ್ಯ) ಸಮಿತಿಗಳ ಪ್ರತಿನಿಧಿಗಳು ಮಾತ್ರ. ಅದೇ ವರ್ಷ 5 ರೂಪಾಯಿ ಕೊಟ್ಟು ಸೇರಿದ ಕೋಟಿಗಟ್ಟಲೆ ಜನರ ಪಾಲಿಗೆ ಅದು ಟಿವಿಯಲ್ಲಿ ನೋಡುವ ಸುದ್ದಿ. ಆ ಪ್ರತಿನಿಧಿ ಯಾರಾಗಬೇಕೆಂಬುದು ಬ್ಲಾಕ್ ಮಟ್ಟದಲ್ಲಿ ಒಮ್ಮತದ ಹೆಸರಲ್ಲಿ, ಸ್ಥಳೀಯ ಶಾಸಕರ ಅಥವಾ ಸೋತ ಅಭ್ಯರ್ಥಿಯ ಮನೆಯಲ್ಲಿ ತೀರ್ಮಾನವಾಗುವುದೇ ಹೆಚ್ಚು.

ಒಳಚುನಾವಣೆ ನಿಜವಾಗಿಯೂ ನಡೆದ ಕಡೆ ಏನಾಯಿತು? 2021ರ ಜನವರಿಯಲ್ಲಿ ರಾಜ್ಯ ಯುವ ಕಾಂಗ್ರೆಸ್‌ಗೆ ಸದಸ್ಯರೇ ಮತ ಹಾಕಿದರು. ಹೆಚ್ಚು ಮತ ಪಡೆದವರನ್ನು ಕ್ರಿಮಿನಲ್ ಪ್ರಕರಣಗಳ ಕಾರಣಕ್ಕೆ ಅನರ್ಹರೆಂದು ಘೋಷಿಸಿ ಎರಡನೆಯವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ತಿಂಗಳುಗಳ ಜಗಳದ ನಂತರ ಮೇಲಿನವರು ಅವಧಿಯನ್ನೇ ಇಬ್ಬರಿಗೂ ಹಂಚಿದರು. ಅನರ್ಹತೆಯ ನಿಯಮ ಇದ್ದಿದ್ದರೆ ಅದನ್ನು ನಾಮಪತ್ರ ಪರಿಶೀಲನೆಯ ದಿನವೇ ಹೇಳಬೇಕಿತ್ತು. ಮತ ಎಣಿಸಿದ ಮೇಲೆ ಹೇಳಿದರೆ ದುಡ್ಡು ಕೊಟ್ಟು ಸದಸ್ಯರಾದ ಹುಡುಗರು ಹಾಕಿದ ಮತಕ್ಕೆ ಅರ್ಥವೇನು? ಬಿಜೆಪಿ 2023ರ ಮಾರ್ಚ್ ಕೊನೆಯಲ್ಲಿ ವಿಧಾನಸಭೆಯ ಅಭ್ಯರ್ಥಿಗಳ ಬಗ್ಗೆ ಪದಾಧಿಕಾರಿಗಳಿಂದ ಒಳಮತದಾನ ಮಾಡಿಸಿತು. ಒಳ್ಳೆಯ ಹೆಜ್ಜೆಯೇ. ಏಪ್ರಿಲ್ 11ರಂದು ಬಂದ 189 ಹೆಸರುಗಳ ಮೊದಲ ಪಟ್ಟಿಯನ್ನು ದೆಹಲಿಯ ಚುನಾವಣಾ ಸಮಿತಿಯೇ ಅಂತಿಮಗೊಳಿಸಿತು. ತಾವು ಹಾಕಿದ ಚೀಟಿ ಆ ಪಟ್ಟಿಯ ಮೇಲೆ ಎಷ್ಟು ಕೆಲಸ ಮಾಡಿತು ಎಂದು ಮಂಡಲದ ಪದಾಧಿಕಾರಿ ತಿಳಿಯುವ ದಾರಿ ಇರಲಿಲ್ಲ.

ಇನ್ನು ಟಿಕೆಟ್ ಕೇಳುವ ಖರ್ಚು. 2022ರ ಕೊನೆಯಲ್ಲಿ ರಾಜ್ಯ ಕಾಂಗ್ರೆಸ್ ಸಮಿತಿ (ಕೆಪಿಸಿಸಿ) ಆಕಾಂಕ್ಷಿಗಳಿಂದ ಅರ್ಜಿ ಕರೆದಾಗ ಅರ್ಜಿ ಶುಲ್ಕ 5,000 ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರಿಗೆ 2 ಲಕ್ಷದ ಡಿಡಿ, ಪರಿಶಿಷ್ಟರಿಗೆ 1 ಲಕ್ಷ. ಐದು ರೂಪಾಯಿಯ ಸದಸ್ಯನಿಗೂ ಅರ್ಜಿ ಹಾಕುವ ಹಕ್ಕಿತ್ತು, ಹಾಕುವ ಶಕ್ತಿ ಇರಲಿಲ್ಲ.

ಕಾರ್ಯಕರ್ತರ ಮನಸ್ಸು ಅತಿ ಹೆಚ್ಚು ಮುರಿಯುವುದು ಪಕ್ಷಾಂತರದಲ್ಲಿ. 2019ರ ಜುಲೈನಲ್ಲಿ ಕಾಂಗ್ರೆಸ್, ಜೆಡಿಎಸ್ ಮತ್ತು ಕೆಪಿಜೆಪಿಯ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) 17 ಶಾಸಕರು ಅನರ್ಹರಾದರು, ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು, ಅನರ್ಹರಲ್ಲಿ ಹೆಚ್ಚಿನವರನ್ನೇ ನಿಲ್ಲಿಸಿದ ಬಿಜೆಪಿ 12 ಗೆದ್ದಿತು. ಅಂಕಿಗಳ ಹಿಂದಿನ ಚಿತ್ರ ಬೂತ್ ಮಟ್ಟದಲ್ಲಿ ಹೀಗಿತ್ತು: 2018ರ ಮೇ ತಿಂಗಳಲ್ಲಿ ಯಾರ ವಿರುದ್ಧ ಮನೆಮನೆ ತಿರುಗಿದ್ದರೋ ಅದೇ ಹೆಸರಿನ ಕರಪತ್ರ ಹಿಡಿದು ಅದೇ ಬೀದಿಗೆ ಹತ್ತೊಂಬತ್ತೇ ತಿಂಗಳಲ್ಲಿ ಮತ್ತೆ ಹೋಗಬೇಕಾಯಿತು. ಬಾಗಿಲು ತೆಗೆದವರು ಕೇಳುವ ಮೊದಲ ಪ್ರಶ್ನೆಗೆ ಯಾವ ತರಬೇತಿ ಶಿಬಿರದಲ್ಲೂ ಉತ್ತರ ಹೇಳಿಕೊಟ್ಟಿರುವುದಿಲ್ಲ. ಹೊಸಕೋಟೆಯಲ್ಲಿ 2018ರಲ್ಲಿ ಬಿಜೆಪಿಯಿಂದ ನಿಂತು ಎಂ.ಟಿ.ಬಿ. ನಾಗರಾಜ್ ಅವರ ಎದುರು ಸೋತ ಶರತ್ ಬಚ್ಚೇಗೌಡರಿಗೆ, ನಾಗರಾಜ್ ಬಿಜೆಪಿಗೆ ಬಂದ ಮೇಲೆ ಟಿಕೆಟ್ ಇಲ್ಲವಾಯಿತು. ಪಕ್ಷೇತರರಾಗಿ ನಿಂತು ಗೆದ್ದರು. ಹಾಗೆ ನಿಲ್ಲುವ ಬಲ ಅವರಿಗಿತ್ತು. ಅವರ ಜೊತೆ 2018ರಲ್ಲಿ ಓಡಾಡಿದ ಬೂತ್ ಅಧ್ಯಕ್ಷನಿಗೆ ಇದ್ದ ದಾರಿ ಎರಡೇ: ಪಕ್ಷ ಬಿಡುವುದು, ಇಲ್ಲ ಬಾಯಿ ಮುಚ್ಚಿಕೊಂಡಿರುವುದು.

ಇದು ಒಂದು ಪಕ್ಷದ ಕಥೆ ಎನ್ನಲಾಗದು. 2023ರ ಏಪ್ರಿಲ್‌ನಲ್ಲಿ ಜಗದೀಶ ಶೆಟ್ಟರ್ ಕಾಂಗ್ರೆಸ್‌ಗೆ ಹೋಗಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಸೋತರು, 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿ ಬೆಳಗಾವಿಯಿಂದ ಸಂಸದರಾದರು. ಸಿ.ಪಿ. ಯೋಗೇಶ್ವರ್ ಬಿಜೆಪಿ ಬಿಟ್ಟು 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸೇರಿ, ನವೆಂಬರ್‌ನಲ್ಲಿ ಚನ್ನಪಟ್ಟಣ ಗೆದ್ದರು. ನಾಯಕರಿಗೆ ಬಾಗಿಲು ಎರಡೂ ಕಡೆ ತೆರೆದಿರುತ್ತದೆ. ಅವರಿಗಾಗಿ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟ ಕಾರ್ಯಕರ್ತನಿಗೆ ಆ ಮಾತನ್ನು ಮರಳಿ ಕೂಡಿಸಿಕೊಡುವವರಿಲ್ಲ.

ಬೂತ್ ಕೆಲಸ: ಇದಕ್ಕೆ ಪೂರ್ಣ ಅಂಕ

ಇಷ್ಟೆಲ್ಲ ಇದ್ದರೂ ಈ ಸೇವೆಯನ್ನು ಪೂರಾ ತಳ್ಳಿಹಾಕಲಾಗದ ಕಾರಣ ಇಲ್ಲಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಜಯನಗರದ ಅಂತರ 16. ಇಂಥ ಕ್ಷೇತ್ರದಲ್ಲಿ ಪಟ್ಟಿಯ ಒಂದು ಪುಟ ಸರಿಯಾಗಿ ನೋಡಿದವನ ಕೆಲಸವೇ ಫಲಿತಾಂಶ.

ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಚೌಕಗಳು, ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು. 1,200 ಮತದಾರರ ಒಂದು ಭಾಗಕ್ಕೆ (ಒಂದು ಮತಗಟ್ಟೆಯ ಪಟ್ಟಿಗೆ) 40 ಪುಟ. 'ಪೇಜ್ ಪ್ರಮುಖ್' ಎಂಬ ಹುದ್ದೆ ಹುಟ್ಟಿದ್ದು ಈ ಪುಟದಿಂದ: ಒಬ್ಬರಿಗೆ ಒಂದು ಪುಟ, ಐದಾರು ಅಥವಾ ಏಳೆಂಟು ಮನೆ. ಚೌಕದಲ್ಲಿ ಕ್ರಮಸಂಖ್ಯೆ, ಗುರುತಿನ ಚೀಟಿ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಅಳಿಸಿದ ಹೆಸರಿನ ಮೇಲೆ ಅಡ್ಡಲಾಗಿ ಮುದ್ರೆ ಇರುತ್ತದೆ. ಪೂರಕ ಪಟ್ಟಿಯಲ್ಲಿ ಕಾರಣದ ಅಕ್ಷರವೂ: ಇ ಎಂದರೆ ತೀರಿಕೊಂಡವರು, ಎಸ್ ಎಂದರೆ ಸ್ಥಳಾಂತರ, ಆರ್ ಎಂದರೆ ಎರಡು ಸಲ ಬಂದ ಹೆಸರು. ಈ 'ಎಸ್' ಗುರುತನ್ನು ಮೊದಲು ನೋಡಿ. ಬಾಡಿಗೆ ಮನೆ ಬದಲಿಸಿ ಅದೇ ಬೀದಿಯಲ್ಲಿರುವವರು, ದುಡಿಯಲು ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಬರುವವರು, ಹೀಗೆ ಇನ್ನೂ ಊರವರೇ ಆದವರ ಹೆಸರು ಹಾರಿಹೋಗುವುದು ಅಲ್ಲೇ.

ಮಾಡುವ ಕ್ರಮ ಹೀಗೆ. ಕರಡು ಪಟ್ಟಿ ಪ್ರಕಟವಾದ ವಾರದಲ್ಲೇ ಪಟ್ಟಿ ಹಿಡಿದು ಮನೆ ಮುಂದೆ ನಿಂತು ಹೆಸರು ಓದಿ. ಮನೆಯಲ್ಲಿ ಕೂತು ನೆನಪಿನಿಂದ ಗುರುತು ಹಾಕಬೇಡಿ, ತಪ್ಪು ಬರುವುದೇ ಹಾಗೆ. ಪೆನ್ಸಿಲ್‌ನಲ್ಲಿ ಬರೆಯಿರಿ. ಹೊಸ ಹೆಸರಿಗೆ ನಮೂನೆ 6, ಅಳಿಸಲು 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ಹದಿನೆಂಟು ತುಂಬುವ ಅರ್ಹತಾ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ, ಹೇಳಿದರೆ ಅಪ್ಪ ಅಮ್ಮನೂ ಖುಷಿಯಾಗಿ ಕೂರಿಸಿ ಮಾತಾಡಿಸುತ್ತಾರೆ. ಮದುವೆಯಾಗಿ ಬಂದ ಸೊಸೆಯ ಹೆಸರನ್ನು ತವರಿನಿಂದ ತರಲು ನಮೂನೆ 8 ಸಾಕು. ಗೊತ್ತಿಲ್ಲದೆ 6 ತುಂಬಿಸಿ ಎರಡು ಕಡೆ ಹೆಸರು ಉಳಿದುಬಿಡುವುದು ದಿನನಿತ್ಯದ ತಪ್ಪು.

ಇದನ್ನು ಅಧಿಕೃತವಾಗಿ ಮಾಡಲು ಪಕ್ಷ ನಿಮ್ಮನ್ನು ಬೂತ್ ಮಟ್ಟದ ಏಜೆಂಟ್ (ಬಿಎಲ್‌ಎ) ಎಂದು ಬಿಎಲ್‌ಎ-2 ನಮೂನೆಯಲ್ಲಿ ನೇಮಿಸಬೇಕು. ಸಾಮಾನ್ಯವಾಗಿ ನೀವು ಅದೇ ಭಾಗದ ಮತದಾರರಾಗಿರಬೇಕು. ಆಯೋಗದ ಕೈಪಿಡಿಯ ಪ್ರಕಾರ ಬಿಎಲ್‌ಎ ಒಂದು ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ಬೂತ್ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಕೊಡುವಂತಿಲ್ಲ, ಹಕ್ಕು-ಆಕ್ಷೇಪಣೆ ಅವಧಿಯಲ್ಲಿ 30 ದಾಟಿದರೆ ಅಧಿಕಾರಿಗಳೇ ಮರುಪರಿಶೀಲನೆ ಮಾಡುತ್ತಾರೆ. ವಿಶೇಷ ಪರಿಷ್ಕರಣೆಗಳಲ್ಲಿ ಈ ಮಿತಿ ಬದಲಾಗುವುದುಂಟು, ಆ ಸಲದ ಸುತ್ತೋಲೆ ನೋಡಿಕೊಳ್ಳಿ. ಅರ್ಜಿಗಳ ಜೊತೆ 'ಖುದ್ದು ಪರಿಶೀಲಿಸಿದ್ದೇನೆ' ಎಂದು ಸಹಿ ಹಾಕಬೇಕು. ಸುಳ್ಳಾದರೆ 1950ರ ಜನಪ್ರತಿನಿಧಿ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಆದ್ದರಿಂದ ಯಾರೋ ತುಂಬಿ ತಂದ ನಮೂನೆ 7ರ ಕಟ್ಟಿಗೆ ಸಹಿ ಹಾಕಬೇಡಿ, ಬ್ಲಾಕ್ ಅಧ್ಯಕ್ಷರೇ ತಂದುಕೊಟ್ಟರೂ ಬೇಡ. ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ಅಳಿಸಲು ಆನ್‌ಲೈನ್‌ನಲ್ಲಿ ಬಂದ 6,018 ಅರ್ಜಿಗಳಲ್ಲಿ ಸರಿಯಾದವು 24 ಮಾತ್ರ. ಅದು ಬಯಲಿಗೆ ಬಂದದ್ದು ಬಿಎಲ್‌ಒ ಒಬ್ಬರು ತಮ್ಮ ಸಂಬಂಧಿಕರೊಬ್ಬರ ಹೆಸರೂ ಅದರಲ್ಲಿರುವುದನ್ನು ಕಂಡದ್ದರಿಂದ. ಬೀದಿ ಗೊತ್ತಿದ್ದವರು ಪಟ್ಟಿ ನೋಡಿದರೆ ಮಾತ್ರ ಇಂಥದ್ದು ಸಿಕ್ಕಿಬೀಳುತ್ತದೆ.

ಮತದಾನದ ದಿನ ಒಳಗೆ ಕೂರುವ ಏಜೆಂಟ್‌ಗೆ ಬೇಕಾದ್ದು ನಮೂನೆ 10, ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿಯೊಂದಿಗೆ. ಒಬ್ಬ ಅಭ್ಯರ್ಥಿಗೆ ಒಂದು ಮತಗಟ್ಟೆಗೆ ಒಬ್ಬರು ಏಜೆಂಟ್, ಇಬ್ಬರು ಬದಲಿ; ಒಳಗೆ ಒಂದು ಹೊತ್ತಿಗೆ ಒಬ್ಬರೇ. ಮತದಾನ 7 ಗಂಟೆಗೆ ಎಂದರೆ ಯಂತ್ರ ಪರೀಕ್ಷಿಸುವ ಅಣಕು ಮತದಾನ 5.30ಕ್ಕೆ. ತಡವಾಗಿ ಹೋಗುವುದೇ ಏಜೆಂಟ್‌ಗಳು ಮಾಡುವ ದೊಡ್ಡ ತಪ್ಪು, ಏಕೆಂದರೆ ಇಡೀ ದಿನದ ಅತಿ ಮುಖ್ಯ ಅರ್ಧ ಗಂಟೆ ಅದು. ಕನಿಷ್ಠ 50 ಮತ ಒತ್ತಿಸಬೇಕು, ಪ್ರತಿ ಅಭ್ಯರ್ಥಿಗೂ ನೋಟಾಗೂ ಬೀಳಬೇಕು. ಯಾರು ಯಾರಿಗೆ ಒತ್ತಿದರೆಂದು ಕೈಯಲ್ಲಿ ಬರೆದುಕೊಳ್ಳಿ. ನಂತರ ಅಧಿಕಾರಿಯ ಬಳಿಯ ಕಂಟ್ರೋಲ್ ಯೂನಿಟ್‌ನಲ್ಲಿ ಕ್ಲೋಸ್, ರಿಸಲ್ಟ್ ಗುಂಡಿ, ಬಂದ ಲೆಕ್ಕವನ್ನು ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ಯಂತ್ರ) ಚೀಟಿಗಳ ಎಣಿಕೆಗೆ ತಾಳೆ ಹಾಕಿ, ಆಮೇಲೆ ಕ್ಲಿಯರ್. ಕ್ಲಿಯರ್ ಒತ್ತಿದ ಮೇಲೆ ಪರದೆಯಲ್ಲಿ ಸೊನ್ನೆ ಬಂದುದನ್ನು ಕಣ್ಣಾರೆ ನೋಡಿ. ಅವಸರದಲ್ಲಿ ಕ್ಲಿಯರ್ ಮರೆತರೆ ಅಣಕು ಮತಗಳೂ ಲೆಕ್ಕದಲ್ಲಿ ಉಳಿದು ಎಣಿಕೆಯ ದಿನ ಗೊಂದಲವಾಗುತ್ತದೆ. ಅಣಕು ಚೀಟಿಗಳನ್ನು ಹಿಂದೆ ಮುದ್ರೆ ಹಾಕಿ ಕಪ್ಪು ಲಕೋಟೆಗೆ ಹಾಕುತ್ತಾರೆ, ವಿವಿಪ್ಯಾಟ್ ಪೆಟ್ಟಿಗೆ ಖಾಲಿಯಾಗಿದೆಯೇ ನೋಡಿ. ಹಸಿರು ಕಾಗದದ ಸೀಲ್‌ನ ಸಂಖ್ಯೆ ಬರೆದುಕೊಂಡು ಸಹಿ ಮಾಡಿ.

ಹಗಲಲ್ಲಿ ಬೇರೆಯವರ ಹೆಸರಲ್ಲಿ ಮತ ಹಾಕಲು ಬಂದರೆ 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು, ಗಲಾಟೆ ಬೇಡ. ತನ್ನ ಮತ ಆಗಲೇ ಯಾರೋ ಹಾಕಿದ್ದಾರೆಂದು ನಿಜವಾದ ಮತದಾರ ಬಂದರೆ ವಾಪಸ್ ಕಳಿಸಲು ಬಿಡಬೇಡಿ, ಅವರಿಗೆ ಟೆಂಡರ್ ಮತದ ಹಕ್ಕಿದೆ. 17ಬಿ ನಮೂನೆಯಲ್ಲಿ ಬರೆದು ಕಾಗದದ ಮತಪತ್ರ ಕೊಡಬೇಕು. ಮುಕ್ತಾಯದ ಹೊತ್ತಿಗೆ ಸಾಲಿನಲ್ಲಿದ್ದವರಿಗೆಲ್ಲ ಕೊನೆಯವರಿಂದ ಶುರುಮಾಡಿ ಚೀಟಿ ಹಂಚುತ್ತಾರೆ, ಅವರೆಲ್ಲರೂ ಮತ ಹಾಕಬಹುದು. ಹೊರಗೆ ಪಕ್ಷದ ಮೇಜು 100 ಮೀಟರ್ ಆಚೆ (2025ರವರೆಗೆ 200 ಮೀಟರ್ ಇತ್ತು), ಒಂದು ಮೇಜು ಎರಡು ಕುರ್ಚಿ. ಅಲ್ಲಿ ಕೊಡುವ ಚೀಟಿ ಬಿಳಿ ಕಾಗದದ್ದಾಗಿರಬೇಕು, ಪಕ್ಷದ ಚಿಹ್ನೆ, ಅಭ್ಯರ್ಥಿಯ ಹೆಸರು ಇರಕೂಡದು. 100 ಮೀಟರ್ ಒಳಗೆ ಮತ ಯಾಚಿಸಿದರೆ ಅಪರಾಧ.

ಮುಗಿದ ಮೇಲೆ 17ಸಿ ನಮೂನೆಯ ಪ್ರತಿ ಪಡೆಯದೆ ಎದ್ದು ಬರಬೇಡಿ. ಎಷ್ಟು ಮತ ಬಿತ್ತು, ಯಂತ್ರದ ಸಂಖ್ಯೆ ಏನು, ಸೀಲ್ ಸಂಖ್ಯೆ ಏನು ಎಲ್ಲ ಅದರಲ್ಲಿದೆ. ಎಣಿಕೆಯ ದಿನ ನಿಮ್ಮ ಕಡೆಯವರು ಅದನ್ನು ಹಿಡಿದೇ ತಾಳೆ ನೋಡಬೇಕು. ಹನ್ನೆರಡು ಗಂಟೆ ಒಳಗೆ ಕೂತವರಲ್ಲಿ ಎಷ್ಟೋ ಜನ ಹಸಿವಾಯಿತೆಂದು ಸಂಜೆ ಹೊರಟುಬಿಡುತ್ತಾರೆ, ಪಕ್ಷವೂ ಕೇಳುವುದಿಲ್ಲ. ಊಟ ಒಳಗೆ ತಲುಪಿಸುವ ಒಬ್ಬರನ್ನು ಹಿಂದಿನ ದಿನವೇ ಗೊತ್ತುಮಾಡಿದರೆ ಈ ತೊಂದರೆ ಇರುವುದಿಲ್ಲ. ಸರ್ಕಾರಿ ನೌಕರರು ಏಜೆಂಟ್ ಆಗುವಂತಿಲ್ಲ, 1951ರ ಕಾಯ್ದೆಯ 134ಎ ಕಲಂ ಪ್ರಕಾರ ಶಿಕ್ಷೆಯಿದೆ; ಸಲುಗೆಗೆ ಬಿದ್ದು ಯಾರನ್ನೂ ಸಿಕ್ಕಿಸಬೇಡಿ.

ಈ ಇಡೀ ಕೆಲಸಕ್ಕೆ ಬೇಕಾದ ತರಬೇತಿಯನ್ನು ಪಕ್ಷಗಳು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತವೆ, ಅದರಲ್ಲೂ ಮುಕ್ಕಾಲು ಪಾಲು ಭಾಷಣ. ಆಯೋಗದ ಕೈಪಿಡಿಯನ್ನು ನೀವೇ ಇಳಿಸಿಕೊಂಡು ಓದುವುದು ಒಳ್ಳೆಯದು.

ಹಣ

ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಕ್ಷಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಒಬ್ಬರಿಗೆ 10,000 ರೂಪಾಯಿ ದಾಟುವ ಪಾವತಿ ನಗದಾಗಿ ಮಾಡುವಂತಿಲ್ಲ, ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಕಾರ್ಯಕರ್ತ ಮೋಸಹೋಗುವುದು ಈ ಲೆಕ್ಕದ ಹೊರಗೆ. ಶಾಮಿಯಾನ, ಕುರ್ಚಿ, ಊಟ, ಆಟೋಕ್ಕೆ ಮೈಕು, ಎಲ್ಲವನ್ನೂ ಊರಿನಲ್ಲಿ 'ನಾನಿದ್ದೀನಿ ಬಿಡಿ' ಎಂದು ಹೇಳಿ ಸಾಲಕ್ಕೆ ತರುವವನು ಅವನು. ಅಭ್ಯರ್ಥಿ ಗೆದ್ದರೆ ಅರ್ಧವಾದರೂ ಬರುತ್ತದೆ, ಸೋತರೆ ಫೋನೇ ಎತ್ತುವುದಿಲ್ಲ. ಅಂಗಡಿಯವರು ಕೇಳುವುದು ಅಭ್ಯರ್ಥಿಯನ್ನಲ್ಲ, ದಿನಾ ಎದುರಿಗೆ ಸಿಗುವ ಇವನನ್ನು. ಬೂತ್ ಖರ್ಚೆಂದು ಮೇಲಿನಿಂದ ಬರುವ ದುಡ್ಡು ಕೈಯಿಂದ ಕೈಗೆ ದಾಟುವಾಗ ಕರಗುತ್ತದೆ, ಅದಕ್ಕೆ ಕಾಗದವಿರುವುದಿಲ್ಲ. ಆದ್ದರಿಂದ 'ನಿನಗೆ ಕೊಟ್ಟಿದ್ದೆವಲ್ಲ' ಎಂಬ ಅಪವಾದವೂ ಕೊನೆಗೆ ಇವನ ಮೇಲೇ.

ತಪ್ಪಿಸಿಕೊಳ್ಳುವ ದಾರಿ: ಆರ್ಡರ್ ಚುನಾವಣಾ ಏಜೆಂಟ್ ಹೆಸರಲ್ಲಿ ಕೊಡಿಸಿ, ಬಿಲ್ಲು ಅವರ ಹೆಸರಿಗೇ ಬರಲಿ, ಮತದಾನ ಮುಗಿದ ವಾರದೊಳಗೆ ಅಂಗಡಿಯವರೇ ಅದನ್ನು ಏಜೆಂಟ್‌ಗೆ ನೇರವಾಗಿ ಕೊಡಲಿ. ಕರಪತ್ರದ ಕೆಳಗೆ ಪ್ರಕಾಶಕ ಎಂದು ನಿಮ್ಮ ಹೆಸರು ಹಾಕಲು ಒಪ್ಪಬೇಡಿ. 1951ರ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕ, ಪ್ರಕಾಶಕರ ಹೆಸರು ಕಡ್ಡಾಯ, ಇಬ್ಬರು ಸಾಕ್ಷಿಗಳ ಸಹಿಯ ಘೋಷಣಾಪತ್ರ ಬೇಕು, ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಕರಪತ್ರದಲ್ಲಿ ಏನು ಬರೆದಿದೆ ಎಂದು ತೀರ್ಮಾನಿಸಿದವರು ಬೇರೆ, ಠಾಣೆಗೆ ಹೋಗುವವರು ನೀವು ಎಂದಾಗುತ್ತದೆ. ಪಕ್ಷಕ್ಕೆ ದೇಣಿಗೆ ಕೊಡುವುದಾದರೆ ಚೆಕ್ ಅಥವಾ ಯುಪಿಐ, ಜೊತೆಗೆ ರಸೀದಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ, ನಗದಿಗೆ ಸಿಗದು. ಕೊಟ್ಟ ಹಣ ಜಿಲ್ಲೆಯಲ್ಲಿ ಹೇಗೆ ಖರ್ಚಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್‌ನಲ್ಲೇ ಹೇಳಿತು, ಪಕ್ಷಗಳು ಪಾಲಿಸಲಿಲ್ಲ.

ಮುರಿದ ಏಣಿ

ಸಭೆಗಳಲ್ಲಿ ಹೊಸಬರಿಗೆ ಹೇಳುವ ಮಾತೊಂದಿದೆ: 'ಇಲ್ಲಿ ದುಡಿ, ತಾಲ್ಲೂಕು ಪಂಚಾಯಿತಿಗೆ ನಿಲ್ಲಿಸುತ್ತೇವೆ, ಆಮೇಲೆ ಜಿಲ್ಲಾ ಪಂಚಾಯಿತಿ.' ಒಂದು ಕಾಲಕ್ಕೆ ಅದು ಸುಳ್ಳಾಗಿರಲಿಲ್ಲ. ಸುಮಾರು ಒಂದು ಸಾವಿರ ಜಿಲ್ಲಾ ಪಂಚಾಯಿತಿ ಸ್ಥಾನ, ನಾಲ್ಕು ಸಾವಿರದ ಹತ್ತಿರ ತಾಲ್ಲೂಕು ಪಂಚಾಯಿತಿ ಸ್ಥಾನ, ಅರ್ಧ ಮಹಿಳೆಯರಿಗೆ. 2016ರ ಫೆಬ್ರುವರಿಯಲ್ಲಿ ಆ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು, ನಂತರ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಬೆಂಗಳೂರಿನಲ್ಲಿ 198 ವಾರ್ಡುಗಳಿಗೆ 2015ರ ಆಗಸ್ಟ್‌ನಲ್ಲಿ ಮತದಾನವಾಗಿ 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿದ ಮೇಲೂ ಇದೇ ಕತೆ. ಸರ್ಕಾರಗಳು ಬದಲಾದವು, ಮುಂದೂಡುವುದು ಬದಲಾಗಲಿಲ್ಲ. ಶಾಸಕರಿಗೆ ಇದರಿಂದ ತೊಂದರೆಯಿಲ್ಲ, ಕ್ಷೇತ್ರದಲ್ಲಿ ಎರಡನೆಯ ಹೆಸರು ಬೆಳೆಯುವುದಿಲ್ಲ, ಅನುದಾನದ ಪತ್ರಕ್ಕೆ ಎಲ್ಲರೂ ಅವರ ಮನೆಗೇ ಬರಬೇಕು. ನಷ್ಟ ಬೂತಿನ ಹುಡುಗನಿಗೆ, ಮೀಸಲು ಸ್ಥಾನ ನಂಬಿ ಮಹಿಳಾ ಘಟಕದಲ್ಲಿ ದುಡಿದವರಿಗೆ. ನಿರಾಸೆಗೆ ನಾಯಕರ ಗುಣ ಕಾರಣ ಎನ್ನುವವರು ಹೆಚ್ಚು. ಅದಕ್ಕಿಂತ ದೊಡ್ಡ ಕಾರಣ ಈ ಚುನಾವಣೆಗಳು ನಡೆಯದಿರುವುದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಉಳಿಯುವುದು ಗ್ರಾಮ ಪಂಚಾಯಿತಿ, ಅಲ್ಲಿ ಕಾನೂನಿನ ಪ್ರಕಾರ ಪಕ್ಷದ ಚಿಹ್ನೆ ಇಲ್ಲ. ಒಂದೇ ಪಕ್ಷದ ಇಬ್ಬರು ಎದುರುಬದುರು ನಿಂತಾಗ ನಾಯಕರು ದೂರ ನಿಂತು ಗೆದ್ದವರಿಗೆ ಹಾರ ಹಾಕುತ್ತಾರೆ. ಖರ್ಚು ಸ್ವಂತದ್ದು. ಇನ್ನೊಂದು ದಾರಿ ನಾಮನಿರ್ದೇಶನ: ಬಗರ್ ಹುಕುಂ ಸಮಿತಿ, ಆಶ್ರಯ ಸಮಿತಿ, ಆಸ್ಪತ್ರೆಯ ರಕ್ಷಾ ಸಮಿತಿ, 2024ರಿಂದ ಗ್ಯಾರಂಟಿ ಅನುಷ್ಠಾನ ಸಮಿತಿಗಳು. ಹೆಸರು ಹೋಗುವುದು ಶಾಸಕರ ಪತ್ರದಿಂದ, ಆದ್ದರಿಂದ ಅಲ್ಲಿ ಲೆಕ್ಕಕ್ಕೆ ಬರುವುದು ಕೆಲಸಕ್ಕಿಂತ ಒಡನಾಟ.

ಬೂತಿನಿಂದ ಮೇಲಕ್ಕೆ ಸುದ್ದಿ ಒಯ್ಯುವ ಕೆಲಸವೂ ಈಗ ಕಾರ್ಯಕರ್ತನ ಕೈಯಲ್ಲಿಲ್ಲ. ಸಮೀಕ್ಷೆ ಮಾಡುವ ಸಂಸ್ಥೆಗಳು ಬಂದಿವೆ. 2023ರಲ್ಲಿ ಕಾಂಗ್ರೆಸ್‌ನ ತಂತ್ರ ರೂಪಿಸಿದ ಸುನಿಲ್ ಕನುಗೋಲು ಗೆಲುವಿನ ನಂತರ ಮುಖ್ಯಮಂತ್ರಿಗಳ ಮುಖ್ಯ ಸಲಹೆಗಾರರಾದರು, ಸಂಪುಟ ದರ್ಜೆಯೊಂದಿಗೆ. ಅವರ ಕೆಲಸ ಚೆನ್ನಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಹಿಂದೆ 'ನಿಮ್ಮೂರಲ್ಲಿ ಹೇಗಿದೆ?' ಎಂದು ನಾಯಕರು ಬೂತ್ ಅಧ್ಯಕ್ಷನನ್ನು ಕೇಳುತ್ತಿದ್ದ ಒಂದು ಫೋನ್ ಕರೆ ಇತ್ತು. ಅದು ನಿಂತುಹೋದದ್ದನ್ನು ಹಳಬರು ಟಿಕೆಟ್ ತಪ್ಪಿದ್ದಕ್ಕಿಂತ ಹೆಚ್ಚು ನೋವಿನಿಂದ ಹೇಳುತ್ತಾರೆ.

ಯಾರಿಗೆ ಸರಿ, ಬಿಡುವುದು ಹೇಗೆ

ಸ್ವಂತ ಸಂಪಾದನೆ ಇದ್ದು, ಚುನಾವಣೆಯ ಎರಡು ತಿಂಗಳು ಸಂಜೆ ಹೊತ್ತು ಕೊಡಬಲ್ಲವರಿಗೆ, ತಮ್ಮ ಬೀದಿಯ ಒಂದು ಹೆಸರೂ ಪಟ್ಟಿಯಿಂದ ತಪ್ಪಬಾರದೆಂಬ ಕಾಳಜಿ ಇರುವವರಿಗೆ ಬಿಎಲ್‌ಎ, ಏಜೆಂಟ್ ಕೆಲಸ ಹೇಳಿ ಮಾಡಿಸಿದ್ದು. ಇದಕ್ಕೆ ಹುದ್ದೆ ಬೇಡ. ಕೆಲಸ ಹುಡುಕುತ್ತಿರುವ ಹುಡುಗರು 'ಅಣ್ಣ ಏನಾದರೂ ಮಾಡಿಕೊಡುತ್ತಾರೆ' ಎಂದು ನಂಬಿ ಹಗಲಿಡೀ ಪಕ್ಷದ ಕಚೇರಿಯಲ್ಲಿ ಕೂರುವುದು ಬೇಡವೇ ಬೇಡ; ಪರೀಕ್ಷೆಯ ವಯಸ್ಸು ಕಾಯುವುದಿಲ್ಲ. ಹೆಣ್ಣುಮಕ್ಕಳು ಸಭೆಗೆ ಜನ ಸೇರಿಸುವ ಕೆಲಸವನ್ನಷ್ಟೇ ಒಪ್ಪಿಕೊಳ್ಳದೆ ನಮೂನೆ 10 ಕೇಳಿ ಪಡೆಯಬೇಕು. ಗುರುತು ಪರೀಕ್ಷಿಸುವ ವಿಷಯದಲ್ಲಿ ಹೆಂಗಸರ ಸಾಲಿಗೆ ಮಹಿಳಾ ಏಜೆಂಟ್ ಇದ್ದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಸೇರುವಾಗಿನ ಓಟಿಪಿಯಷ್ಟು ಸುಲಭವಾಗಿ ಹೊರಬರಲು ಆಗುವುದಿಲ್ಲ. ಬಾಯಿಮಾತಿನಲ್ಲಿ ಬಿಟ್ಟವರ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ. ಬ್ಲಾಕ್ ಅಥವಾ ಮಂಡಲ ಅಧ್ಯಕ್ಷರಿಗೆ ಸದಸ್ಯತ್ವ ಸಂಖ್ಯೆ ನಮೂದಿಸಿ ಎರಡು ಸಾಲಿನ ರಾಜೀನಾಮೆ ಬರೆದು ಸ್ವೀಕೃತಿಯೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಜಿಲ್ಲಾ ಕಚೇರಿಗೂ ಒಂದು ಪ್ರತಿ. ಬಿಎಲ್‌ಎ ಆಗಿದ್ದರೆ ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಗೂ ತಿಳಿಸಿ, ನಿಮ್ಮ ಹೆಸರಲ್ಲಿ ಬೇರೆಯವರು ಅರ್ಜಿ ಕೊಡುವಂತಾಗಬಾರದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೀವು ಅಡ್ಮಿನ್ ಆಗಿದ್ದರೆ ಮೊದಲು ಬೇರೆಯವರಿಗೆ ವಹಿಸಿ, ಆಮೇಲೆ ಹೊರಬನ್ನಿ. ನಿಮ್ಮ ಹೆಸರು ಅಡ್ಮಿನ್ ಪಟ್ಟಿಯಲ್ಲಿ ಇರುವವರೆಗೆ ಅಲ್ಲಿ ಬಿದ್ದ ಪೋಸ್ಟಿಗೆ ಪೊಲೀಸರು ನಿಮ್ಮನ್ನೂ ಕೇಳಬಹುದು. ಪ್ರಚಾರ ವಾಹನ, ಧ್ವನಿವರ್ಧಕದ ಅನುಮತಿ ನಿಮ್ಮ ಹೆಸರಲ್ಲಿ ಪಡೆದಿದ್ದರೆ ಅದರ ಪ್ರತಿ, ಅಂಗಡಿಗಳ ಬಾಕಿ ಚೀಟಿ, 17ಸಿ ಪ್ರತಿಗಳು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಮುಂದಿನ ಕರಡು ಪಟ್ಟಿ ಬಂದಾಗ ಪಕ್ಷವಿಲ್ಲದೆಯೂ ನಿಮ್ಮ ಭಾಗದ ಪುಟಗಳನ್ನು ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ಇಳಿಸಿಕೊಂಡು ನೋಡಬಹುದು. ಹೆಸರು ಬಿಟ್ಟುಹೋದವರಿಂದ ನಮೂನೆ 6 ತುಂಬಿಸಿ ಬಿಎಲ್‌ಒಗೆ ಕೊಡಿಸಲು ಯಾವ ಸದಸ್ಯತ್ವ ಸಂಖ್ಯೆಯೂ ಬೇಕಾಗುವುದಿಲ್ಲ.